ಕಂಚಿನ ಮೃಗಶಾಲೆ: ಶಿಲ್ಪಿ ಬಾರೀಯ ಜೀವನ

೧೮೩೧ರಲ್ಲಿ ಪ್ಯಾರಿಸ್ ನಗರದ ಸಾಲೋನ್ ಎಂಬ ಕಲಾಪ್ರದರ್ಶನವನ್ನು ನೋಡಲು ಹೋದವರು, ದೇವತೆಗಳು, ವೀರರು, ಅರಸರು ಇವರ ಮೂರ್ತಿಗಳ ನಡುವೆ ಒಂದು ಅಪೂರ್ವವಾದ ಕೃತಿಯನ್ನು ಕಂಡರು. ಹುಲಿಯೊಂದು ಗಂಗಾನದಿಯ ಮೊಸಳೆಯನ್ನು ಕೆಡವಿಕೊಂಡು ಅದರ ಮೈಗೆ ಬಾಯಿ ಹಾಕಿದೆ. ಆ ಮೊಸಳೆ ನಮ್ಮ ಹೊಳೆಗಳಲ್ಲಿ ಕಾಣುವ ಜಾತಿಯದಲ್ಲ. ಉತ್ತರದ ನದಿಗಳಲ್ಲಿರುವ, ಕೋಲಿನಂತೆ ನೀಳವೂ ತೆಳ್ಳಗೂ ಆದ ಮೂತಿಯುಳ್ಳ ಘರಿಯಲ್. ಅದು ನೋವಿನಿಂದ ಮೈಯನ್ನು ತಿರುಚಿ ಬಾಯಿ ತೆರೆದಿದೆ. ಹುಲಿಗೆ ಅದರ ನೋವಿನ ಪರಿವೆ ಇಲ್ಲ. ಅದಕ್ಕೆ ಹಸಿವು ಮಾತ್ರ ಗೊತ್ತು. ಇದನ್ನು ರಚಿಸಿದವನು ಗಂಗೆಯನ್ನು ಕಂಡವನಲ್ಲ. ಹಿಂದೂದೇಶದ ಕಡೆಗೆ ತಲೆ ಹಾಕಿ ಮಲಗಿದವನೂ ಅಲ್ಲ. ಆಗ ಅವನ ವಯಸ್ಸು ಮೂವತ್ತಾರರ ಹತ್ತಿರ. ಅಲ್ಲಿಯವರೆಗೆ ಅವನ ಹೆಸರನ್ನು ಬಲ್ಲವರು ಬೆರಳೆಣಿಕೆಯ ಮಂದಿ. ಆ ಪ್ರದರ್ಶನದಲ್ಲಿ ಅವನಿಗೆ ಎರಡನೆಯ ದರ್ಜೆಯ ಪದಕ ದೊರೆಯಿತು. ಅವನೇ ಆಂತ್ವಾನ್ ಲೂಯಿ ಬಾರೀ.

ಹತ್ತೊಂಬತ್ತನೆಯ ಶತಮಾನದ ಫ್ರೆಂಚ್ ಕಂಚಿನ ಶಿಲ್ಪಗಳನ್ನು ಸಂಗ್ರಹಿಸುವವರು ಇಂದಿಗೂ ಮೊದಲು ಹುಡುಕುವ ಹೆಸರು ಇವನದು. ಅವನ ಬಾಳನ್ನು ಹೇಳಹೊರಟರೆ ಅವನ ಮೂರ್ತಿಗಳನ್ನು ಕೊಂಡವರ ಕಥೆಯನ್ನೂ ಹೇಳಬೇಕಾಗುತ್ತದೆ. ಏಕೆಂದರೆ ಸರಕಾರ, ಅಕಾಡೆಮಿ, ತೀರ್ಪುಗಾರರು ಇವರೆಲ್ಲರೂ ಅವನನ್ನು ಬಾಗಿಲ ಹೊರಗೆ ನಿಲ್ಲಿಸಿದ್ದಾಗ ಅವನಿಗೆ ಅನ್ನವಿಟ್ಟವರು ಮೇಜಿನ ಮೇಲೊಂದು ಕಂಚಿನ ಜಿಂಕೆಯನ್ನೋ ಸಿಂಹವನ್ನೋ ಇಟ್ಟುಕೊಳ್ಳಲು ಬಯಸಿದ ಗೃಹಸ್ಥರು.

ಬಾರೀ ಹುಟ್ಟಿದುದು ಪ್ಯಾರಿಸ್ಸಿನಲ್ಲಿ, ೧೭೯೫ರಲ್ಲಿ. ತಂದೆ ಲಿಯೋನ್ ಕಡೆಯಿಂದ ಬಂದ ಅಕ್ಕಸಾಲಿಗ. ಮಹಾಕ್ರಾಂತಿಯ ಗಲಭೆ ಇನ್ನೂ ಆರಿರದ ಕಾಲವದು. ಹುಡುಗನಿಗೆ ಕ್ರಮವಾದ ವಿದ್ಯಾಭ್ಯಾಸವೆಂಬುದು ಹೆಚ್ಚಾಗಿ ಆಗಲಿಲ್ಲ. ಹದಿಮೂರು ಹದಿನಾಲ್ಕರ ಪ್ರಾಯದಲ್ಲಿಯೇ ಅವನನ್ನು ಫೂರಿಯೇ ಎಂಬ ಲೋಹದ ಕೆತ್ತನೆಗಾರನ ಬಳಿ ಕೆಲಸಕ್ಕೆ ಬಿಟ್ಟರು. ಸೈನಿಕರ ಉಡುಪಿನ ಲೋಹದ ಅಲಂಕಾರಗಳಿಗೆ ಉಕ್ಕಿನ ಅಚ್ಚುಗಳನ್ನು ಕೊರೆಯುವುದು ಅಲ್ಲಿಯ ಕಸಬು. ಆಮೇಲೆ ನೆಪೋಲಿಯನ್ ಚಕ್ರವರ್ತಿಯ ಆಸ್ಥಾನದ ಅಕ್ಕಸಾಲಿಗನಾಗಿದ್ದ ಬಿಯೆನೆಯ ಕಾರ್ಖಾನೆಯಲ್ಲಿ ಕೆಲಸ ಮಾಡಿದನು. ೧೮೧೨ರಲ್ಲಿ ಕಡ್ಡಾಯದ ಸೈನ್ಯಸೇವೆಗೆ ಕರೆ ಬಂದಿತು. ಅಲ್ಲಿಯೂ ಅವನ ಕೈಗೆ ಸಿಕ್ಕಿದುದು ಬಂದೂಕಕ್ಕಿಂತ ಹೆಚ್ಚಾಗಿ ಜೇಡಿಮಣ್ಣು ಮತ್ತು ಅಳತೆಗೋಲು: ಬೆಟ್ಟ ಕಣಿವೆಗಳ ಉಬ್ಬುನಕ್ಷೆಗಳನ್ನು ಮಾಡುವ ದಳದಲ್ಲಿ ಅವನಿದ್ದನು. ೧೮೧೪ರಲ್ಲಿ ಚಕ್ರವರ್ತಿಯ ಪತನವಾದ ಮೇಲೆ ಊರಿಗೆ ಮರಳಿ, ಮತ್ತೆ ಉಳಿ ಸುತ್ತಿಗೆ ಹಿಡಿದನು.

ಈ ಕಾಲದಲ್ಲಿ ಅವನಿಗೆ ಕೆತ್ತನೆಯ ಕೂಲಿಗಿಂತ ಮೇಲಿನದೊಂದರ ಆಸೆ ಹುಟ್ಟಿತು. ಬೋಸಿಯೊ ಎಂಬ ಶಿಲ್ಪಿಯ ಬಳಿ ಮೂರ್ತಿಕಲೆಯನ್ನೂ, ಗ್ರೋ ಎಂಬ ಚಿತ್ರಕಾರನ ಬಳಿ ಚಿತ್ರಕಲೆಯನ್ನೂ ಕಲಿತನು. ೧೮೧೮ರಲ್ಲಿ ಪ್ಯಾರಿಸ್ಸಿನ ಲಲಿತಕಲಾಶಾಲೆಯನ್ನು ಸೇರಿದನು. ಅಲ್ಲಿಯ ವಿದ್ಯಾರ್ಥಿಗಳೆಲ್ಲರ ಕಣ್ಣು ಒಂದೇ ಬಹುಮಾನದ ಮೇಲೆ. ಅದನ್ನು ಗೆದ್ದವನನ್ನು ಸರಕಾರದ ಖರ್ಚಿನಲ್ಲಿ ರೋಮ್ ನಗರಕ್ಕೆ ಕಳುಹಿಸುತ್ತಿದ್ದರು. ಅಲ್ಲಿಂದ ಬಂದವನಿಗೆ ಜೀವಮಾನವೆಲ್ಲ ಸರಕಾರದ ಕೆಲಸಕ್ಕೆ ಕೊರತೆಯಿಲ್ಲ. ೧೮೧೯ರಲ್ಲಿ ಬಾರೀ ಪದಕ ಕೆತ್ತನೆಯ ವಿಭಾಗದಲ್ಲಿ ಸ್ಪರ್ಧಿಸಿ ಗೌರವದ ಉಲ್ಲೇಖವನ್ನು ಪಡೆದನು. ವಿಷಯ, ಮಿಲೋ ಎಂಬ ಗ್ರೀಕ್ ಜಟ್ಟಿಯನ್ನು ಸಿಂಹವು ತಿನ್ನುವುದು. ಅವನ ಮೊದಲ ಸಿಂಹ ಇದೇ ಇರಬೇಕು. ೧೮೨೦ರಲ್ಲಿ ಶಿಲ್ಪವಿಭಾಗದಲ್ಲಿ ಎರಡನೆಯ ಬಹುಮಾನ ಬಂದಿತು. ಇನ್ನೇನು, ಮೊದಲನೆಯದು ಮುಂದಿನ ವರ್ಷವೆಂದು ಯಾರಾದರೂ ತಿಳಿದಾರು. ಮುಂದಿನ ವರ್ಷ ಬರಲಿಲ್ಲ. ಅದರ ಮುಂದಿನ ವರ್ಷವೂ ಬರಲಿಲ್ಲ. ಮತ್ತೆ ಮತ್ತೆ ಕುಳಿತು, ಮತ್ತೆ ಮತ್ತೆ ಸೋತು, ಕೊನೆಗೆ ಆ ಪರೀಕ್ಷೆಯ ಆಸೆಯನ್ನೇ ಬಿಟ್ಟನು. ನಮ್ಮಲ್ಲಿ ಸೆಪ್ಟೆಂಬರ್ ಪರೀಕ್ಷೆಯ ರುಚಿ ಕಂಡ ಮಿತ್ರರಿಗೆ ಈ ಪ್ರಸಂಗದ ವಿವರಣೆ ಬೇಕಾಗಿಲ್ಲ.

ಹೊಟ್ಟೆ ನಡೆಯಬೇಕಲ್ಲ! ೧೮೨೩ರಲ್ಲಿ ಫೋಕೋನಿಯೇ ಎಂಬ ಅಕ್ಕಸಾಲಿಗನ ಅಂಗಡಿ ಸೇರಿ, ಎಂಟು ವರ್ಷಗಳ ಕಾಲ ಬೆಳ್ಳಿಬಂಗಾರದ ಸಾಮಾನುಗಳಿಗೆ ಅಲಂಕಾರದ ಮಾದರಿಗಳನ್ನು ಮಾಡಿಕೊಟ್ಟನು. ಅಂಗೈಯಲ್ಲಿ ಹಿಡಿಸುವಷ್ಟು ಸಣ್ಣ ಪ್ರಾಣಿಗಳು ಅವು. ಈ ಕೂಲಿಕೆಲಸವೇ ಅವನಿಗೆ ದಾರಿ ತೋರಿತು. ಪ್ರಾಣಿಗಳನ್ನು ಮಾಡಬೇಕಾದರೆ ಪ್ರಾಣಿಗಳನ್ನು ನೋಡಬೇಕು. ನೋಡಲು ಪ್ಯಾರಿಸ್ಸಿನ ಸಸ್ಯೋದ್ಯಾನದಲ್ಲಿ, ಪ್ರಕೃತಿವಿಜ್ಞಾನ ಸಂಗ್ರಹಾಲಯಕ್ಕೆ ಸೇರಿದಂತೆ, ಮೃಗಶಾಲೆಯೊಂದಿತ್ತು. ಹುಲಿ, ಸಿಂಹ, ಆನೆ, ಚಿರತೆ ಎಲ್ಲವೂ ಅಲ್ಲಿದ್ದವು. ಬಾರೀ ಬಿಡುವು ಸಿಕ್ಕಾಗಲೆಲ್ಲ ಅಲ್ಲಿಗೆ ಹೋಗಿ ಪಂಜರಗಳ ಮುಂದೆ ಕುಳಿತು ಚಿತ್ರ ಬರೆಯತೊಡಗಿದನು. ಅವನ ಪಕ್ಕದಲ್ಲಿ ಕುಳಿತು ಬರೆಯುತ್ತಿದ್ದ ಮತ್ತೊಬ್ಬ ತರುಣನು ಮುಂದೆ ಫ್ರಾನ್ಸಿನ ಮಹಾಚಿತ್ರಕಾರನೆನಿಸಿದ ದೆಲಕ್ರವಾ. ಒಮ್ಮೆ ಮೃಗಶಾಲೆಯ ಸಿಂಹವೊಂದು ಸತ್ತಿತು. ಒಡನೆಯೇ ದೆಲಕ್ರವಾ, ಓಡಿ ಬರಬೇಕೆಂದು ಬಾರೀಗೆ ಚೀಟಿ ಕಳುಹಿಸಿದನು. ಇಬ್ಬರೂ ಆ ಕಳೇಬರದ ಮುಂದೆ ಕುಳಿತು, ಚರ್ಮ ಬಿಡಿಸಿದ ಮೈಯ ಒಂದೊಂದು ಮಾಂಸಖಂಡವನ್ನೂ ಬರೆದುಕೊಂಡರು.

ಇಬ್ಬರಲ್ಲಿ ಒಂದು ವ್ಯತ್ಯಾಸವಿತ್ತು. ಬಾರೀಯ ಸ್ವಭಾವವೆಲ್ಲ ಅದರಲ್ಲಿ ಕಾಣುತ್ತದೆಂದು ನನ್ನ ಎಣಿಕೆ. ದೆಲಕ್ರವಾ ಚಿತ್ರ ಬರೆದನು. ಬಾರೀ ಚಿತ್ರ ಬರೆದು, ಅದರ ಪಕ್ಕದಲ್ಲಿ ಅಂಕೆಗಳನ್ನೂ ಬರೆದನು: ಭುಜದಿಂದ ಮೊಣಕಾಲಿಗೆ ಇಷ್ಟು, ಕಿವಿಯಿಂದ ಮೂಗಿಗೆ ಇಷ್ಟು, ಬಾಲದ ಬುಡದ ಸುತ್ತಳತೆ ಇಷ್ಟು. ಅಂಥ ಹಾಳೆಗಳು ಅವನು ಸತ್ತ ಮೇಲೆ ರಾಶಿರಾಶಿಯಾಗಿ ದೊರೆತವು. ಕ್ಯುವಿಯೇ ಮೊದಲಾದ ಪ್ರಾಣಿಶಾಸ್ತ್ರಜ್ಞರ ಗ್ರಂಥಗಳನ್ನೂ ಅವನು ಓದಿಕೊಂಡನು. ಶಾಲೆಯಲ್ಲಿ ಕುಳಿತು ಕಲಿಯದವನು ತನ್ನ ವಿದ್ಯೆಯನ್ನು ಹೀಗೆ ತಾನೇ ಕಟ್ಟಿಕೊಂಡನು. ಗಂಗೆಯನ್ನು ಕಾಣದವನ ಹುಲಿ ಅಷ್ಟು ದಿಟವಾಗಿ ಹುಲಿಯಾದುದಕ್ಕೆ ಗುಟ್ಟು ಇಲ್ಲಿದೆ.

೧೮೩೩ರ ಸಾಲೋನಿನಲ್ಲಿ ಅವನಿಟ್ಟ ಸಿಂಹವು ಹಾವನ್ನು ತುಳಿದು ನಿಂತಿದೆ. ಪಂಜವನ್ನು ಹಾವಿನ ಮೇಲೆ ಒತ್ತಿ, ಮೂತಿಯನ್ನು ಹಿಂದಕ್ಕೆ ಎಳೆದುಕೊಂಡು, ಹಲ್ಲು ಕಿರಿಯುತ್ತಿದೆ. ಅದರಲ್ಲಿ ಕೋಪವೂ ಇದೆ, ಹೇಸಿಗೆಯೂ ಇದೆ, ಕೊಂಚ ಭಯವೂ ಇದೆ. ಸಿಂಹವೆಂದರೆ ಸಿಂಹಾಸನದ ಕಾಲಿನಲ್ಲಿ ಗುಂಗುರುಕೂದಲು ಬಿಟ್ಟುಕೊಂಡು ಗಂಭೀರವಾಗಿ ಕೂತಿರುವ ವಸ್ತುವೆಂದು ತಿಳಿದಿದ್ದ ಜನ ಬೆಚ್ಚಿಬಿದ್ದರು. ಆ ವರ್ಷವೇ ಅವನಿಗೆ ಲೀಜಿಯನ್ ಆಫ್ ಆನರ್ ಎಂಬ ರಾಷ್ಟ್ರಗೌರವ ಬಂದಿತು. ಲೂಯಿ ಫಿಲಿಪ್ ದೊರೆಯ ಸರಕಾರವು ಅದನ್ನು ಕಂಚಿನಲ್ಲಿ ಎರಕಹೊಯ್ಯಿಸಿ, ೧೮೩೬ರ ಪ್ರದರ್ಶನವಾದ ಬಳಿಕ ತ್ವೀಲ್ರಿ ಉದ್ಯಾನದಲ್ಲಿ ನಿಲ್ಲಿಸಿತು. ಅರಮನೆಯ ತೋಟವನ್ನು ಮೃಗಶಾಲೆ ಮಾಡಿಬಿಟ್ಟರೆಂದು ಕೆಲವರು ಹಾಸ್ಯಮಾಡಿದರು. ಹಾಸ್ಯದ ಹಿಂದೆ ಒಂದು ಸಿದ್ಧಾಂತವೇ ಇತ್ತು. ಆ ಕಾಲದ ಪಂಡಿತರ ಲೆಕ್ಕದಲ್ಲಿ ವಿಷಯಗಳಿಗೆ ಜಾತಿಗಳಿದ್ದವು. ಪುರಾಣ ಮತ್ತು ಇತಿಹಾಸದ ವೀರಪುರುಷರು ಎಲ್ಲಕ್ಕಿಂತ ಮೇಲೆ. ಪ್ರಾಣಿಗಳು ಬಹಳ ಕೆಳಗೆ. ಬಾರೀಯನ್ನೂ ಅವನನ್ನು ಅನುಸರಿಸಿದವರನ್ನೂ ಕರೆಯಲು ಆನಿಮಾಲಿಯೇ, ಎಂದರೆ ಪ್ರಾಣಿಗಳವನು, ಎಂಬ ಹೆಸರು ಬಳಕೆಗೆ ಬಂದಿತು. ಮೊದಮೊದಲು ಅದು ಮೂದಲಿಕೆಯ ಮಾತು. ಇಂದು ಅದೇ ಹೆಸರು ಹರಾಜಿನ ಪಟ್ಟಿಗಳಲ್ಲಿ ಬೆಲೆ ಏರಿಸುತ್ತದೆ.

ಇಲ್ಲಿಂದ ಮುಂದೆ ಬಾರೀಯ ಬಾಳಿನ ದೊಡ್ಡ ಪೆಟ್ಟು. ದೊರೆಯ ಹಿರಿಯ ಮಗನೂ ಯುವರಾಜನೂ ಆಗಿದ್ದ ಓರ್ಲೆಆನ್ಸ್‌ನ ಡ್ಯೂಕನಿಗೆ ಬಾರೀಯ ಕೆಲಸದಲ್ಲಿ ಬಹಳ ಅಭಿಮಾನ. ಅವನು ತನ್ನ ಅರಮನೆಯ ಭೋಜನದ ಮೇಜಿನ ನಡುವೆ ಇಡಲು ಒಂದು ಭವ್ಯವಾದ ಕಂಚಿನ ಅಲಂಕಾರವನ್ನು ಮಾಡಿಕೊಡುವಂತೆ ೧೮೩೪ರಲ್ಲಿ ಕೇಳಿಕೊಂಡನು. ಒಟ್ಟು ಒಂಬತ್ತು ಗುಂಪುಗಳು: ಐದು ಬೇಟೆಗಳು, ನಾಲ್ಕು ಪ್ರಾಣಿಯುದ್ಧಗಳು. ಎಲ್ಲಕ್ಕಿಂತ ನಡುವಿನದು ಹುಲಿಯ ಬೇಟೆ. ಭಾರತದ ಆನೆಯ ಮೇಲೆ ಬೇಟೆಗಾರರು, ಆನೆಯ ಪಕ್ಕೆಗೆ ಹತ್ತಿಬರುತ್ತಿರುವ ಹುಲಿ. ಸುತ್ತಲೂ ಸಿಂಹದ ಬೇಟೆ, ಗೂಳಿಯ ಬೇಟೆ, ಕರಡಿಯ ಬೇಟೆ, ಕಡವೆಯ ಜಾತಿಯ ಎಲ್ಕ್ ಮೃಗದ ಬೇಟೆ. ಒನೊರೆ ಗೊನೋನ್ ಮತ್ತು ಅವನ ಮಕ್ಕಳು ಇವುಗಳನ್ನು ಮೇಣದ ಎರಕದಲ್ಲಿ ಹೊಯ್ದುಕೊಟ್ಟರು. ಮೊದಲು ಮೇಣದಲ್ಲಿ ರೂಪ. ಅದರ ಮೇಲೆ ಮಣ್ಣಿನ ಲೇಪ. ಕಾಯಿಸಿದಾಗ ಮೇಣ ಕರಗಿ ಹರಿದುಹೋಗುತ್ತದೆ. ಆ ಬರಿದಾದ ಜಾಗದಲ್ಲಿ ಕರಗಿದ ಕಂಚು ತುಂಬುತ್ತದೆ. ಕಲ್ಯಾಣದ ಚಾಳುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ತನ್ನ ಮಾನಸೋಲ್ಲಾಸದಲ್ಲಿ ವಿವರಿಸಿರುವ ವಿಧಾನವೂ ಇದೇ ಎಂಬುದನ್ನು ಕನ್ನಡಿಗರು ನೆನೆಯಬಹುದು. ಫ್ರಾನ್ಸಿನಲ್ಲಿ ಆ ವೇಳೆಗೆ ಈ ವಿದ್ಯೆ ಬಹುಮಟ್ಟಿಗೆ ಮರೆತುಹೋಗಿತ್ತು. ಗೊನೋನ್ ಅದನ್ನು ಮತ್ತೆ ರೂಢಿಗೆ ತಂದವರಲ್ಲಿ ಒಬ್ಬನು. ಇದರಲ್ಲಿ ಅಚ್ಚನ್ನು ಒಡೆದೇ ಮೂರ್ತಿಯನ್ನು ತೆಗೆಯಬೇಕು. ಆದುದರಿಂದ ಒಂದು ಅಚ್ಚಿಗೆ ಒಂದೇ ಮೂರ್ತಿ.

೧೮೩೭ರ ಸಾಲೋನಿಗೆ ಬಾರೀ ಈ ಗುಂಪುಗಳನ್ನು ಕಳುಹಿಸಿದನು. ತೀರ್ಪುಗಾರರು ಅವನ್ನು ತಿರಸ್ಕರಿಸಿದರು. ಅವರ ಕಣ್ಣಿಗೆ ಅದು ಶಿಲ್ಪವಲ್ಲ, ಅಕ್ಕಸಾಲಿಗನ ಮೇಜಿನ ಸಾಮಾನು. ಯುವರಾಜನು ತಂದೆಯ ಬಳಿ ದೂರಿಕೊಂಡನೆಂದೂ, ತಾನೇ ನೇಮಿಸಿದ ತೀರ್ಪುಗಾರರನ್ನು ತಾನೇ ಮೀರುವುದು ಹೇಗೆಂದು ದೊರೆ ಕೈಚೆಲ್ಲಿದನೆಂದೂ ಹೇಳುತ್ತಾರೆ. ಬಾರೀ ಜಗಳವಾಡಲಿಲ್ಲ. ಅವನು ಮಿತಭಾಷಿ. ಆದರೆ ಆ ದಿನದಿಂದ ಹದಿಮೂರು ವರ್ಷ ಸಾಲೋನಿನ ಕಡೆಗೆ ಒಂದು ಕೃತಿಯನ್ನೂ ಕಳುಹಿಸಲಿಲ್ಲ. ಅಕ್ಕಸಾಲಿಗನ ಮಗ, ಅಕ್ಕಸಾಲಿಗರ ಅಂಗಡಿಯಲ್ಲಿ ಬೆಳೆದವನು; ಆ ಒಂದು ಮಾತು ಅವನಿಗೆ ಬೇರೆ ಯಾರಿಗೆ ನಾಟಬಹುದಾದುದಕ್ಕಿಂತಲೂ ಆಳವಾಗಿ ನಾಟಿರಬೇಕು. ೧೮೪೨ರಲ್ಲಿ ಯುವರಾಜನು ಗಾಡಿಯ ಅಪಘಾತದಲ್ಲಿ ತೀರಿಕೊಂಡನು. ಅಲ್ಲಿಗೆ ಅರಮನೆಯ ಆಸರೆಯೂ ತಪ್ಪಿತು.

ಬಾರೀ ಅಂಗಡಿಯಿಟ್ಟನು. ಕಲೆಯ ಚರಿತ್ರೆಗಳಲ್ಲಿ ಈ ಭಾಗವನ್ನು ಎರಡು ವಾಕ್ಯದಲ್ಲಿ ಮುಗಿಸುತ್ತಾರೆ. ನನಗಾದರೋ ಅವನ ಬಾಳಿನಲ್ಲಿ ಇದಕ್ಕಿಂತ ಸ್ವಾರಸ್ಯವಾದ ಭಾಗವಿಲ್ಲ. ತನ್ನದೇ ಎರಕದ ಕುಲುಮೆಯನ್ನು ಹೂಡಿ, ತನ್ನ ಸಣ್ಣ ಮೂರ್ತಿಗಳನ್ನು ತಾನೇ ಹೊಯ್ದು, ಅಚ್ಚುಹಾಕಿಸಿದ ಬೆಲೆಪಟ್ಟಿಯೊಡನೆ ಮಾರತೊಡಗಿದನು. ನಡೆಯುವ ಸಿಂಹ, ನಡೆಯುವ ಹುಲಿ, ತುರುಕಿಯ ಕುದುರೆ, ಓಡುವ ಆನೆ, ಜಿಂಕೆಯನ್ನು ಹಿಡಿದ ಚಿರತೆ, ಕಾಡೆಮ್ಮೆಯಂಥ ನೂ ಮೃಗವನ್ನು ಸುತ್ತಿದ ಹೆಬ್ಬಾವು, ಕೊಕ್ಕರೆ, ಮೊಲ, ಆಮೆ. ಹೀಗೆ ಪಟ್ಟಿಯು ನೂರನ್ನು ದಾಟಿತು. ಕೊಳ್ಳುವವರು ವಕೀಲರು, ವೈದ್ಯರು, ವ್ಯಾಪಾರಿಗಳು. ಅರಮನೆ ಇಲ್ಲದವನೂ ಅಗ್ಗಿಷ್ಟಿಕೆಯ ಮೇಲಿನ ಹಲಗೆಯಲ್ಲಿ ಒಂದು ಶಿಲ್ಪವನ್ನಿಟ್ಟುಕೊಳ್ಳಬಹುದೆಂಬ ಕಾಲ ಆಗತಾನೇ ಬಂದಿತ್ತು. ದೊಡ್ಡ ಮೂರ್ತಿಯನ್ನು ಸರಿಯಾದ ಪ್ರಮಾಣದಲ್ಲಿ ಕಿರಿದಾಗಿಸುವ ಯಂತ್ರವನ್ನು ಕೊಲಾ ಎಂಬ ಯಂತ್ರಶಿಲ್ಪಿ ೧೮೩೦ರ ದಶಕದಲ್ಲಿ ಸಿದ್ಧಪಡಿಸಿದ್ದನು. ಬಾರ್ಬೆದಿಯೆನ್ ಎಂಬ ವರ್ತಕನು ಅವನೊಡನೆ ಕೂಡಿಕೊಂಡು ಪ್ರಾಚೀನ ಮೂರ್ತಿಗಳ ಕಿರುಪ್ರತಿಗಳನ್ನು ಮಾರುತ್ತಿದ್ದನು. ಈ ಬಾರ್ಬೆದಿಯೆನ್ ನಮ್ಮ ಕಥೆಯಲ್ಲಿ ಮತ್ತೆ ಬರುತ್ತಾನೆ.

ಮಾರಾಟಕ್ಕೆ ಮೇಣದ ಎರಕ ಸಾಗದು, ಅದು ದುಬಾರಿ. ಆದುದರಿಂದ ಮರಳಿನ ಎರಕ. ಮೊದಲು ಒಂದು ಮೂರ್ತಿಯನ್ನು ಕಂಚಿನಲ್ಲಿ ಹೊಯ್ದು, ಕೂದಲೆಳೆಯಷ್ಟೂ ಬಿಡದೆ ತಿದ್ದಿ ತೀಡಿ, ಅದನ್ನು ಮೂಲಮಾದರಿಯಾಗಿ ಇಟ್ಟುಕೊಳ್ಳುವುದು. ಅದರ ಭಾಗಗಳನ್ನು ಬಿಡಿಸಿ ಒತ್ತಿದ ಮರಳಿನಲ್ಲಿ ಅಚ್ಚು ತೆಗೆದು, ಪ್ರತಿಯೊಂದು ಭಾಗವನ್ನೂ ಹೊಯ್ದು, ಕೊನೆಗೆ ಜೋಡಿಸಿ ಬೆಸೆಯುವುದು. ಬೇರೆ ಶಿಲ್ಪಿಗಳು ಮಾದರಿಯನ್ನು ಕೊಟ್ಟು ಕೈತೊಳೆದುಕೊಳ್ಳುತ್ತಿದ್ದರು. ಬಾರೀಗೆ ಅದು ಸಾಲದು. ಹೊಯ್ದ ಮೇಲೆ ಅರದಿಂದ ಉಜ್ಜುವುದು, ಕೂದಲು ತೊಗಲುಗಳ ಗೆರೆಗಳನ್ನು ಮತ್ತೆ ಬಿಡಿಸುವುದು, ರಾಸಾಯನಿಕಗಳಿಂದ ಹಸುರು ಕಂದು ಛಾಯೆಗಳನ್ನು ಬರಿಸುವುದು, ಎಲ್ಲದರ ಮೇಲೂ ಅವನ ಕಣ್ಣು. ಫೂರಿಯೇಯ ಅಂಗಡಿಯ ಹುಡುಗ ಕಲಿತ ಕೈಕೆಲಸ ಮುದುಕನಾಗುವವರೆಗೂ ಅವನನ್ನು ಬಿಡಲಿಲ್ಲ.

ಇಷ್ಟೆಲ್ಲ ನಿಷ್ಠೆಯಿಂದ ಮಾಡಿದ ವ್ಯಾಪಾರ ನಷ್ಟಕ್ಕೆ ಇಳಿಯಿತೆಂದರೆ ಆಶ್ಚರ್ಯವಿಲ್ಲ. ೧೮೪೫ರಲ್ಲಿ ಎಮಿಲ್ ಮಾರ್ತಾನ್ ಎಂಬ ಹಣವಂತನನ್ನು ಪಾಲುದಾರನನ್ನಾಗಿ ಸೇರಿಸಿಕೊಂಡು ಬಾರೀ ಮತ್ತು ಕಂಪೆನಿ ಎಂಬ ಹೆಸರಿನಿಂದ ವ್ಯವಹಾರ ನಡೆಸಿದನು. ೧೮೪೮ರ ಕ್ರಾಂತಿಯಲ್ಲಿ ಸಾಲದ ಹೊರೆ ತಡೆಯಲಾರದಾಯಿತು. ಅವನ ಮಾದರಿಗಳೆಲ್ಲ ಮಾರ್ತಾನನ ಕೈಗೆ ಹೋದವು. ಶಿಲ್ಪಿಗೆ ಮಾದರಿಗಳೆಂದರೆ ರೈತನಿಗೆ ಬಿತ್ತನೆಯ ಬೀಜವಿದ್ದಂತೆ. ಅವನ ಹುಲಿ ಸಿಂಹಗಳು ಪ್ಯಾರಿಸ್ಸಿನ ಅಂಗಡಿಗಳಲ್ಲಿ ಮಾರಾಟವಾಗುತ್ತಲೇ ಇದ್ದವು. ಆದರೆ ಲಗಾಮು ಅವನ ಕೈಯಲ್ಲಿರಲಿಲ್ಲ. ಅವುಗಳನ್ನು ಬಿಡಿಸಿಕೊಳ್ಳಲು ಅವನಿಗೆ ೧೮೫೭ರವರೆಗೆ ಹಿಡಿಯಿತು. ನಡುವೆ ಹೊಸ ಸರಕಾರದವರು ಲೂವ್ರ್ ಸಂಗ್ರಹಾಲಯದಲ್ಲಿ ಮೂರ್ತಿಗಳ ಅಚ್ಚುಪ್ರತಿಗಳನ್ನು ತೆಗೆಯುವ ವಿಭಾಗಕ್ಕೆ ಅವನನ್ನು ನೇಮಿಸಿದರು. ಎರಡು ವರ್ಷದಲ್ಲಿ ಆ ಕೆಲಸವೂ ಹೋಯಿತು.

ಈ ಕಷ್ಟದ ವರ್ಷಗಳಲ್ಲಿಯೇ ಅವನು ಮನುಷ್ಯಾಕೃತಿಗಳಿಗೂ ಕೈಹಾಕಿದನು. ಮಿನೊಟಾರ್ ಎಂಬ ಗೂಳಿತಲೆಯ ರಾಕ್ಷಸನನ್ನು ತಿವಿಯುವ ಥೀಸಿಯಸ್, ಕುದುರೆಮೈಯ ಸೆಂಟಾರನನ್ನು ಬಗ್ಗಿಸಿ ಹೊಡೆಯುವ ಥೀಸಿಯಸ್, ಇವು ಪ್ರಸಿದ್ಧವಾದವು. ಪಂಡಿತರು ಇವನ್ನು ಬಹಳ ಹೊಗಳುತ್ತಾರೆ. ಚಿತ್ರಗಳನ್ನು ಮಾತ್ರ ನೋಡಿದ ನನ್ನಂಥವನ ಅಭಿಪ್ರಾಯಕ್ಕೆ ಬೆಲೆಯೆಷ್ಟೋ ತಿಳಿಯದು, ಆದರೂ ಹೇಳಿಬಿಡುತ್ತೇನೆ: ಆ ಥೀಸಿಯಸನ ಮುಖದಲ್ಲಿ ಏನೂ ಇಲ್ಲ. ಗೆಲ್ಲುವೆನೆಂದು ಮೊದಲೇ ತಿಳಿದವನಂತೆ ನಿಂತಿದ್ದಾನೆ. ೧೮೫೦ರ ಸಾಲೋನಿನಲ್ಲಿ ಸೆಂಟಾರನ ಜೊತೆಗೇ ಬಂದ, ಮೊಲವನ್ನು ತಿನ್ನುವ ಜಾಗ್ವಾರನ್ನು ನೋಡಿ. ನೆಲಕ್ಕೆ ಅಂಟಿದಂತೆ ಬಗ್ಗಿದೆ. ಬೆನ್ನಿನುದ್ದಕ್ಕೂ ಮಾಂಸಖಂಡಗಳು ಅಲೆಯಾಗಿ ಎದ್ದಿವೆ. ಮೊಲ ಬಟ್ಟೆಯ ಚೂರಿನಂತೆ ಜೋತುಬಿದ್ದಿದೆ. ಇದರ ಮುಂದೆ ಥೀಸಿಯಸನು ವ್ಯಾಕರಣದ ಉದಾಹರಣೆಯಂತೆ ತೋರುತ್ತಾನೆ.

೧೮೫೪ರಲ್ಲಿ ಅವನಿಗೆ ಒಂದು ಸ್ಥಿರವಾದ ಉದ್ಯೋಗ ಸಿಕ್ಕಿತು: ಪ್ರಕೃತಿವಿಜ್ಞಾನ ಸಂಗ್ರಹಾಲಯದಲ್ಲಿ ಪ್ರಾಣಿಚಿತ್ರ ಲೇಖನದ ಅಧ್ಯಾಪಕ. ತಾನು ಪಂಜರದ ಮುಂದೆ ಕುಳಿತು ಕಲಿತ ಜಾಗದಲ್ಲಿಯೇ ಕಲಿಸುವ ಕೆಲಸ. ಪಾಠ ಹೇಳುವ ಕಲೆ ಮಾತ್ರ ಅವನಿಗೆ ಒಲಿದಂತೆ ಕಾಣುವುದಿಲ್ಲ. ಬಂದು ನಿಲ್ಲುವನು, ನೋಡುವನು, ಒಂದು ಮಾತು ಆಡಿದರೆ ಆಡುವನು, ಹೋಗುವನು. ಸುಮಾರು ೧೮೬೪ರಲ್ಲಿ ಅವನ ಬಳಿಗೆ ಬಂದವರಲ್ಲಿ ರೋದ್ಯಾ ಎಂಬ ಬಡ ತರುಣನೊಬ್ಬನಿದ್ದನು. ಮುಂದೆ ಆ ಶತಮಾನದ ಶಿಲ್ಪಿಗಳಲ್ಲೆಲ್ಲ ಹಿರಿಯನೆನಿಸಿದವನು. ಸವೆದ ಕೋಟು ತೊಟ್ಟು ಬರುತ್ತಿದ್ದ ಆ ಮೇಷ್ಟ್ರು, ಯಾವುದೋ ಸಣ್ಣ ಶಾಲೆಯ ಬಡ ಉಪಾಧ್ಯಾಯನಂತೆ ರೋದ್ಯಾನ ಕಣ್ಣಿಗೆ ಕಂಡನಂತೆ. ತಾನು ಯಾರ ಬಳಿ ಕಲಿತೆನೆಂಬುದು ಅವನಿಗೆ ಅರ್ಥವಾದುದು ಬಹಳ ವರ್ಷಗಳ ಮೇಲೆ. ನಮ್ಮ ಅಧ್ಯಾಪಕರು ಈ ಪ್ರಸಂಗವನ್ನು ಓದಿ ಸಮಾಧಾನಪಟ್ಟುಕೊಳ್ಳಬಹುದು.

ಉಳಿದ ಗೌರವಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ೧೮೫೫ರ ಪ್ಯಾರಿಸ್ ವಿಶ್ವಪ್ರದರ್ಶನದಲ್ಲಿ ಅವನ ಕಂಚಿನ ಕೆಲಸಕ್ಕೆ ದೊಡ್ಡ ಚಿನ್ನದ ಪದಕ ಬಂದಿತು. ಬಂದುದು ಉದ್ಯಮದ ವಿಭಾಗದಲ್ಲಿ ಎಂಬುದನ್ನು ಗಮನಿಸಬೇಕು. ಲೂವ್ರ್ ಅರಮನೆಯ ಹೊಸ ಕಟ್ಟಡಗಳಿಗೆ ಯುದ್ಧ, ಶಾಂತಿ, ಶಕ್ತಿ, ಸುವ್ಯವಸ್ಥೆ ಎಂಬ ನಾಲ್ಕು ಶಿಲಾಗುಂಪುಗಳನ್ನು ಮಾಡಿದನು. ನೆಪೋಲಿಯನ್ ಚಕ್ರವರ್ತಿಯ ಅಶ್ವಾರೂಢ ಪ್ರತಿಮೆಯನ್ನು ಅವನ ಹುಟ್ಟೂರಾದ ಅಜಾಕ್ಸಿಯೊಗೆ ಮಾಡಿಕೊಟ್ಟನು. ಅವನ ಕುಳಿತ ಸಿಂಹವನ್ನು ಸರಕಾರವು ಹಿಂದೆಯೇ ಕೊಂಡಿತ್ತು. ೧೮೬೭ರಲ್ಲಿ ಅದನ್ನು ಸೇನ್ ನದಿಯ ಕಡೆಯ ಬಾಗಿಲಲ್ಲಿ ನಿಲ್ಲಿಸಿದರು. ಬಾಗಿಲಿಗೆ ಎರಡು ಪಕ್ಕಗಳಲ್ಲವೆ? ಇನ್ನೊಂದು ಪಕ್ಕಕ್ಕೆ ಹೊಸ ಸಿಂಹವಿಲ್ಲ. ಅದೇ ಸಿಂಹದ ಎಡಬಲ ತಿರುವಿದ ಪ್ರತಿಯನ್ನು ಇಟ್ಟರು. ೧೮೬೮ರಲ್ಲಿ, ಎಪ್ಪತ್ತೆರಡು ದಾಟಿದ ಮೇಲೆ, ಅಕಾಡೆಮಿಯು ಅವನನ್ನು ಸದಸ್ಯನನ್ನಾಗಿ ಆರಿಸಿತು.

ಇಷ್ಟರಲ್ಲಿ ಅವನ ಭಾಗ್ಯದ ಬಾಗಿಲು ಬೇರೊಂದು ದಿಕ್ಕಿನಿಂದ ತೆರೆದಿತ್ತು. ಅಮೆರಿಕಾದ ಬಾಲ್ಟಿಮೋರ್ ನಗರದ ವಿಲಿಯಂ ವಾಲ್ಟರ್ಸ್ ಎಂಬಾತನು ಧಾನ್ಯ ಮತ್ತು ಮದ್ಯದ ವ್ಯಾಪಾರದಿಂದ ಹಣ ಮಾಡಿದವನು. ೧೮೬೧ರಲ್ಲಿ ಅಲ್ಲಿ ಅಂತರ್ಯುದ್ಧ ಹೊತ್ತಿಕೊಂಡಾಗ ಅವನು ಕುಟುಂಬದೊಡನೆ ಯೂರೋಪಿಗೆ ಬಂದು ಪ್ಯಾರಿಸ್ಸಿನಲ್ಲಿ ನೆಲೆಸಿದನು. ಅದೇ ಊರಿನವನಾದ ಜಾರ್ಜ್ ಲೂಕಸ್ ಎಂಬುವನು ಅಲ್ಲಿ ಮೊದಲೇ ಇದ್ದನು. ಅವನು ಅಮೆರಿಕಾದ ಧನಿಕರ ಪರವಾಗಿ ಕಲಾವಿದರ ಮನೆಗಳನ್ನು ಸುತ್ತಿ, ನೋಡಿ, ಆರಿಸಿ, ಕೊಂಡು ಕಳುಹಿಸುವ ದಲ್ಲಾಳಿ, ದಲ್ಲಾಳಿಯಾದರೂ ರಸಜ್ಞ. ಲೂಕಸನ ಜೊತೆಗೂಡಿ ವಾಲ್ಟರ್ಸ್ ಬಾರೀಯ ಕಂಚುಗಳನ್ನು ಒಂದೊಂದಾಗಿ ಕೂಡಿಸತೊಡಗಿದನು. ಯುದ್ಧ ಮುಗಿದು ಊರಿಗೆ ಮರಳಿದ ಮೇಲೆಯೂ ಅವನ ಈ ಹುಚ್ಚು ಇಳಿಯಲಿಲ್ಲ.

ವಾಷಿಂಗ್ಟನ್ ನಗರದಲ್ಲಿ ಕಾರ್ಕೊರನ್ ಎಂಬ ಸಾಹುಕಾರನು ಸ್ಥಾಪಿಸಿದ್ದ ಕಲಾಶಾಲೆಗೆ ಕೃತಿಗಳನ್ನು ಕೊಳ್ಳುವ ಹೊಣೆ ವಾಲ್ಟರ್ಸನ ಮೇಲೆ ಬಿದ್ದಿತು. ೧೮೭೩ರಲ್ಲಿ ಅವನು ಬಾರೀಯ ಬಳಿಗೆ ಬಂದು, ಅವನು ಈವರೆಗೆ ಮಾಡಿರುವ ಕಂಚುಗಳಲ್ಲಿ ಪ್ರತಿಯೊಂದರದೂ ಒಂದೊಂದು ಪ್ರತಿ ಬೇಕೆಂದು ಕೇಳಿದನು. ಬೆಲೆಪಟ್ಟಿ ಹಿಡಿದು ಒಂದು ಸಿಂಹವನ್ನೋ ಒಂದು ಕುದುರೆಯನ್ನೋ ಚೌಕಾಸಿ ಮಾಡುವ ಗಿರಾಕಿಗಳನ್ನು ಮೂವತ್ತು ವರ್ಷ ಕಂಡಿದ್ದ ಮುದುಕನಿಗೆ ಇದು ನಂಬಲಾಗದ ಮಾತು. ತನ್ನ ದೇಶದವರು ತನಗೆ ಇಂಥದನ್ನು ಎಂದೂ ಮಾಡಲಿಲ್ಲವಲ್ಲಾ ಎಂದು ಅವನ ಕಣ್ಣು ತುಂಬಿತೆಂದು ಹೇಳುತ್ತಾರೆ. ಸುಮಾರು ೧೨೦ ಕಂಚುಗಳು ಸಮುದ್ರ ದಾಟಿದವು. ಎಪ್ಪತ್ತೆಂಟರ ಹೊಸ್ತಿಲಲ್ಲಿದ್ದವನು ಅವುಗಳನ್ನು ಒಪ್ಪಿಸುವ ಕೆಲಸಕ್ಕೆ ತರುಣನಂತೆ ತೊಡಗಿದನು.

ಆ ಕಾಲದ ಒಂದು ಕಥೆಯಿದೆ. ಮಡದಿ ಕಂಚುಗಳ ಮೇಲಿನ ಧೂಳನ್ನು ಒರೆಸುತ್ತ, ಮೂರ್ತಿಯ ಮೇಲೆ ಹೆಸರು ಸರಿಯಾಗಿ ಕಾಣುವುದಿಲ್ಲ, ಇನ್ನು ಮುಂದೆ ಎದ್ದು ಕಾಣುವಂತೆ ಬರೆಯಬೇಕೆಂದಳಂತೆ. ಚಿಂತೆಯಿಲ್ಲ, ಇಪ್ಪತ್ತು ವರ್ಷದ ಮೇಲೆ ಜನರು ಬೂದುಗಾಜು ಹಿಡಿದು ಹುಡುಕುತ್ತಾರೆ ಎಂದನಂತೆ ಬಾರೀ. ೧೮೭೫ರ ಜೂನ್ ತಿಂಗಳಲ್ಲಿ, ಸೇನ್ ನದಿಯ ದಡದ ಮನೆಯಲ್ಲಿ, ಅವನು ತೀರಿಕೊಂಡನು.

ಬೂದುಗಾಜಿನ ಮಾತು ಹುಸಿಯಾಗಲಿಲ್ಲ. ೧೮೭೬ರಲ್ಲಿ ಅವನ ಕಾರ್ಯಾಗಾರದಲ್ಲಿ ಉಳಿದುದೆಲ್ಲ ಹರಾಜಾಯಿತು. ಮಾದರಿಗಳಲ್ಲಿ ಹೆಚ್ಚಿನವನ್ನು ಕೊಂಡವನು ಆ ಬಾರ್ಬೆದಿಯೆನ್. ಅವನ ಕಾರ್ಖಾನೆಯು ಮುಂದೆ ದಶಕಗಳ ಕಾಲ ಬಾರೀಯ ಮೂರ್ತಿಗಳನ್ನು ಹೊಯ್ದು ಮಾರಿತು. ಹೀಗಾಗಿ ಇಂದು ಬಾರೀಯ ಹೆಸರುಳ್ಳ ಕಂಚೆಂದರೆ ಮೂರು ಬಗೆ: ಅವನ ಕಣ್ಣೆದುರಿಗೆ ಆದುದು, ಅವನು ಸತ್ತ ಮೇಲೆ ಅವನದೇ ಮಾದರಿಯಿಂದ ಆದುದು, ಇವೆರಡೂ ಅಲ್ಲದೆ, ಮಾರುಕಟ್ಟೆಯಲ್ಲಿ ಸಿಕ್ಕ ಮೂರ್ತಿಯಿಂದಲೇ ಅಚ್ಚು ತೆಗೆದು ಯಾರೋ ಹೊಯ್ದ ನಕಲು. ಸಂಗ್ರಾಹಕನ ಜಾಣ್ಮೆಯೆಲ್ಲ ಇವನ್ನು ಬೇರ್ಪಡಿಸುವುದರಲ್ಲಿದೆ. ಬಾರೀ ಮತ್ತು ಕಂಪೆನಿಯ ಕಾಲದ ಪ್ರತಿಗಳಲ್ಲಿ ಕೆಲವಕ್ಕೆ ಹೆಸರಿನ ಜೊತೆಗೆ ಕ್ರಮಾಂಕದ ಮುದ್ರೆಯಿರುತ್ತದೆ. ಬಾರ್ಬೆದಿಯೆನ್ ಹೊಯ್ದವುಗಳಲ್ಲಿ ಅವನ ಕಾರ್ಖಾನೆಯ ಹೆಸರಿರುತ್ತದೆ. ನಕಲನ್ನು ಹಿಡಿದುಕೊಡುವುದು ಕಂಚಿನ ಸ್ವಭಾವವೇ: ಕರಗಿದ ಕಂಚು ಆರುವಾಗ ಕೊಂಚ ಕುಗ್ಗುತ್ತದೆ. ಆದುದರಿಂದ ಮೂರ್ತಿಯಿಂದ ತೆಗೆದ ಮ��ರ್ತಿ ಮೂಲಕ್ಕಿಂತ ಕೂದಲೆಳೆಯಷ್ಟು ಚಿಕ್ಕದು, ಗೆರೆಗಳು ಮೊಂಡು. ಅಂಕೆಗಳಲ್ಲಿಯೇ ಹುಲಿಯನ್ನು ಹಿಡಿದ ಶಿಲ್ಪಿಯ ನಕಲುಗಳನ್ನೂ ಅಳತೆಗೋಲೇ ಹಿಡಿಯುತ್ತದೆ.

ಇನ್ನೊಂದು ಗುರುತು ಮೇಲ್ಮೈಯ ಬಣ್ಣ. ನಮ್ಮ ಮನೆಗಳಲ್ಲಿ ಕಂಚು ಹಿತ್ತಾಳೆಗಳಿಗೆ ಕಿಲುಬು ಹಿಡಿಯಿತೆಂದರೆ ಅಪಮಾನ. ನಮ್ಮ ತಾಯಿ ಹಬ್ಬದ ಮುನ್ನಾದಿನ ಹುಣಸೆಹಣ್ಣು ಹಚ್ಚಿ ದೀಪದ ಕಂಬವನ್ನು ಬಂಗಾರವೆನ್ನುವಂತೆ ತಿಕ್ಕುತ್ತಾಳೆ. ಬಾರೀಯ ಕಂಚೊಂದು ಅವಳ ಕೈಗೆ ಸಿಕ್ಕಿದ್ದರೆ ಒಂದು ಗಳಿಗೆಯಲ್ಲಿ ಅದರ ಬೆಲೆಯನ್ನು ಮಣ್ಣುಪಾಲು ಮಾಡಿಬಿಡುತ್ತಿದ್ದಳು. ಆ ಹಸುರು ಕಂದು ಪದರ ಬಾರೀ ಬೇಕೆಂದೇ ಬರಿಸಿದುದು. ಉಬ್ಬಿದ ಕಡೆ ತೆಳುವಾಗಿ, ತಗ್ಗಿನಲ್ಲಿ ದಟ್ಟವಾಗಿ, ಪ್ರಾಣಿಯ ಚರ್ಮಕ್ಕೆ ನೆರಳು ಕೊಡುವುದಕ್ಕಾಗಿ. ಅದನ್ನು ಉಜ್ಜಿ ಹೊಳಪಿಸಿದ ಮೂರ್ತಿಯನ್ನು ಬಲ್ಲವರು ಮುಟ್ಟುವುದಿಲ್ಲ.

ಯುವರಾಜನ ಮೇಜಿನ ಒಂಬತ್ತು ಗುಂಪುಗಳು ಏನಾದುವೆಂದು ಓದುಗರು ಕೇಳಬಹುದು. ೧೮೫೩ರಲ್ಲಿ ಅವು ಹರಾಜಿಗೆ ಬಂದು ಚದುರಿಹೋದವು. ತೀರ್ಪುಗಾರರು ಅಕ್ಕಸಾಲಿಗನ ಸಾಮಾನೆಂದು ತಳ್ಳಿದ ಹುಲಿಯ ಬೇಟೆ ಇಂದು ಬಾಲ್ಟಿಮೋರಿನ ವಾಲ್ಟರ್ಸ್ ಸಂಗ್ರಹಾಲಯದಲ್ಲಿದೆ. ವಾಲ್ಟರ್ಸನ ಮಗ ಹೆನ್ರಿಯು ೧೯೩೧ರಲ್ಲಿ ಸಾಯುವಾಗ ಮನೆಯ ಸಂಗ್ರಹವನ್ನೆಲ್ಲ ಆ ನಗರಕ್ಕೆ ಬಿಟ್ಟುಹೋದನು. ಕಾರ್ಕೊರನ್ ಕಲಾಶಾಲೆಯ ಪಾಲಿಗೆ ಮಾತ್ರ ಒಳ್ಳೆಯ ಕಾಲ ಉಳಿಯಲಿಲ್ಲ; ೨೦೧೪ರಲ್ಲಿ ಅದನ್ನು ಮುಚ್ಚಿ, ಸಂಗ್ರಹವನ್ನು ಬೇರೆ ಸಂಸ್ಥೆಗಳಿಗೆ ಹಂಚಿದರು. ಫ್ರಾನ್ಸಿನ ಲೂವ್ರ್ ಸಂಗ್ರಹಾಲಯಕ್ಕೆ ಬಾರೀಯ ಸಣ್ಣ ಕಂಚುಗಳು ಹೇರಳವಾಗಿ ಬಂದುದು ೧೯೦೨ರಲ್ಲಿ. ಅದೂ ಸರಕಾರ ಕೊಂಡುದಲ್ಲ. ಮಾರಿಷಸ್ ದ್ವೀಪದಲ್ಲಿ ಹುಟ್ಟಿದ ತೊಮಿ ತಿಯೆರಿ ಎಂಬ ಸಂಗ್ರಾಹಕನು ನೂರಕ್ಕೂ ಮೇಲ್ಪಟ್ಟ ಕಂಚುಗಳನ್ನು ಮರಣಶಾಸನದ ಮೂಲಕ ಬಿಟ್ಟುಕೊಟ್ಟನು.

ಬಾರೀಗೆ ಒಂದು ಸ್ಮಾರಕವನ್ನು ಕಟ್ಟಲು ೧೮೮೯ರಲ್ಲಿ ಪ್ಯಾರಿಸ್ ಮತ್ತು ನ್ಯೂಯಾರ್ಕ್ ಎರಡೂ ಕಡೆ ಅವನ ಕೃತಿಗಳ ಪ್ರದರ್ಶನಗಳನ್ನು ಏರ್ಪಡಿಸಿ ಹಣ ಕೂಡಿಸಿದರು. ಅಮೆರಿಕಾದ ಸಮಿತಿಗೆ ವಾಲ್ಟರ್ಸನೇ ಅಧ್ಯಕ್ಷ. ೧೮೯೪ರಲ್ಲಿ ಸೇನ್ ನದಿಯ ನಡುವೆ, ಸಾನ್ ಲೂಯಿ ದ್ವೀಪದ ಮೂಡಣ ತುದಿಯಲ್ಲಿ, ಅವನು ಕೊನೆಯುಸಿರೆಳೆದ ಮನೆಗೆ ಸಮೀಪದಲ್ಲಿಯೇ, ಸ್ಮಾರಕ ಎದ್ದಿತು. ಅದರ ಮೇಲೆ ಅವನ ಕೃತಿಗಳ ಕಂಚಿನ ಪ್ರತಿಗಳು. ಎರಡನೆಯ ಮಹಾಯುದ್ಧದಲ್ಲಿ ಜರ್ಮನರು ಪ್ಯಾರಿಸ್ಸನ್ನು ಹಿಡಿದಿದ್ದಾಗ ಲೋಹಕ್ಕಾಗಿ ನಗರದ ಪ್ರತಿಮೆಗಳನ್ನು ಕಿತ್ತು ಕರಗಿಸಿದರು. ಬಾರೀಯ ಸ್ಮಾರಕದ ಕಂಚೂ ಹಾಗೆಯೇ ಮೂಸೆಗೆ ಹೋಯಿತು. ಕಲ್ಲಿನ ಪೀಠ ಮಾತ್ರ ಉಳಿಯಿತು. ಆ ಹೊತ್ತಿನಲ್ಲಿ, ಸಮುದ್ರದ ಆಚೆ ಬಾಲ್ಟಿಮೋರಿನ ಚೌಕದಲ್ಲಿ, ವಾಲ್ಟರ್ಸ್ ತನ್ನ ಮನೆಯ ಎದುರಿಗೆ ೧೮೮೫ರಲ್ಲಿ ಇರಿಸಿಕೊಟ್ಟಿದ್ದ ಬಾರೀಯ ಸಿಂಹವು ಕುಳಿತಲ್ಲಿಯೇ ಕುಳಿತಿತ್ತು.